ನೀಲಿ ಅಂಚಿನ ಹಲಗೆ

“ಆ ಹಲಗೆ ಮೇಲೆ ಬೇಡ.”

ಮೀನಿನಂಗಡಿಯ ಹುಡುಗಿಯ ಕತ್ತಿ ಗಾಳಿಯಲ್ಲೇ ನಿಂತಿತು. ಮಾರ್ಕೆಟ್ಟಿನವರು ಅವಳಿಗೆ ಸಿಡಿಮದ್ದು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದರಲ್ಲೂ ಅಂಗಡಿಯ ಚೊಕ್ಕತನದ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೋ, ಅವರ ಕಥೆ ಮುಗಿದೇ ಹೋಯಿತು.

“ಯಾಕ್ರೀ, ಹಲಗೆಗೇನಾಗಿದೆ? ಉಪ್ಪು ಹಾಕಿ ಉಜ್ಜಿ ಉಜ್ಜಿ ನನ್ನ ಉಗುರೇ ಸವೆದಿದೆ. ನಿಮ್ಮನೆ ಊಟದ ತಟ್ಟೆನೂ ಇಷ್ಟು ಚೊಕ್ಕ ಇರಲಿಕ್ಕಿಲ್ಲ. ಬೇಡ ಅಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ!”

ಬಂದವನು ಎದುರು ಬೀದಿಯಲ್ಲಿ ಹೊಸದಾಗಿ ಕನ್ನಡಕದಂಗಡಿ ತೆರೆದವನು. ಬೈಸಿಕೊಂಡರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ.

“ಬೈಯೋದು ಮುಗಿಸಿ, ಆಮೇಲೆ ಹೇಳ್ತೀನಿ.”

“ಮುಗೀತು. ಹೇಳಿ.”

“ಈಗ ತಾನೇ ಅದರ ಮೇಲೆ ಸಿಗಡಿ ಸುಲಿದ್ರಲ್ಲ. ಸಿಗಡಿ, ಏಡಿ ನನ್ನ ಮೈಗೆ ಆಗಲ್ಲ. ಗಂಟಲು ಊದ್ಕೊಂಡು ಉಸಿರು ಕಟ್ಟುತ್ತೆ. ಮೀನು ಆಗುತ್ತೆ. ಆದ್ರೆ ಸಿಗಡಿ ಮುಟ್ಟಿದ ಕತ್ತಿಯಲ್ಲಿ ಮೀನು ಕತ್ತರಿಸಿದ್ರೆ, ಅದೂ ಆಗಲ್ಲ.”

ಮೂಲೆಯಲ್ಲಿ ಏಡಿಯ ತೊಟ್ಟಿಯ ಪಕ್ಕ ಕೂತಿದ್ದ ಅವಳ ಅಪ್ಪ ನಕ್ಕುಬಿಟ್ಟ. “ಸಿಗಡಿ ಆಗದವನಿಗೆ ಮೀನು ಹೆಂಗಯ್ಯ ಆಗುತ್ತೆ? ಎರಡೂ ನೀರಲ್ಲಿರೋದೇ ತಾನೆ?”

“ಎಮ್ಮೆನೂ ನೀರಲ್ಲಿ ಬಿದ್ದಿರುತ್ತೆ, ಅಪ್ಪ. ಮೀನಿಗೆ ಒಳಗೆ ಬೆನ್ನುಮೂಳೆ. ಸಿಗಡಿಗೆ ಮೂಳೆಯೇ ಇಲ್ಲ, ಮೈಮೇಲೆ ಚಿಪ್ಪು. ಅದರ ವಂಶವೇ ಬೇರೆ.”

ಹೇಳಿಬಿಟ್ಟ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಈಗಷ್ಟೇ ತಾನು ಅಂಗಡಿಯಿಂದ ಅಟ್ಟಲು ಹೊರಟಿದ್ದವನ ಪರ ವಹಿಸಿ ಅಪ್ಪನಿಗೆ ಎದುರು ಮಾತಾಡಿದ್ದಳಲ್ಲ! ಅವನು ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಅವಳು ಬೇಕೆಂದೇ ಮಂಜುಗಡ್ಡೆ ಒಡೆಯತೊಡಗಿದಳು.

ಅವತ್ತು ಅವನು ಬರಿಗೈಯಲ್ಲಿ ಹೋದ. ಮರುದಿನ ಗೋಡೆಯ ಮೇಲೆ ಒಂದು ಹೊಸ ಹಲಗೆ ನೇತಾಡುತ್ತಿತ್ತು. ಅದರ ಅಂಚಿಗೆ ನೀಲಿ ಬಣ್ಣ. ಪಕ್ಕದಲ್ಲಿ ಹಿಡಿಗೆ ನೀಲಿ ಟೇಪು ಸುತ್ತಿದ ಕತ್ತಿ.

“ನಿಮಗೋಸ್ಕರ ಅಂತ ಅಂದ್ಕೊಳ್ಳೋದು ಬೇಡ. ಅಂಥ ಗಿರಾಕಿಗಳು ಬೇರೆಯವರೂ ಇರ್ತಾರೆ.”

“ಇರ್ತಾರೆ, ಇರ್ತಾರೆ,” ಎಂದು ಅವನು ತಲೆಯಾಡಿಸಿದ. ಇಡೀ ಮಾರ್ಕೆಟ್ಟಿನಲ್ಲಿ ಅಂಥ ಇನ್ನೊಬ್ಬ ಗಿರಾಕಿ ಇಲ್ಲವೆಂದು ತರಕಾರಿಯವಳಿಗೂ ಗೊತ್ತಿತ್ತು.

ಆಮೇಲೆ ಶುರುವಾಯಿತು ಅವನ ಪ್ರಶ್ನೆಗಳ ಕಾಟ. ಬಂದಾಗಲೆಲ್ಲ ಒಂದು ಮೀನು, ಒಂದು ಪ್ರಶ್ನೆ.

“ಮೀನಿಗೆ ರೆಪ್ಪೆನೇ ಇಲ್ವಲ್ಲ, ನಿದ್ದೆ ಹೇಗೆ ಮಾಡುತ್ತೆ?”

“ಕಣ್ಣು ಬಿಟ್ಕೊಂಡೇ. ನಿಮ್ಮಂಗೆ, ಅಂಗಡಿ ಬಾಗಿಲಲ್ಲಿ ಕೂತ್ಕೊಂಡು ಈ ಕಡೆ ನೋಡ್ತಾ.”

ಅವನ ಕಿವಿ ಕೆಂಪಾಯಿತು. ಅವಳಿಗೆ ಮನಸಾರೆ ಖುಷಿಯಾಯಿತು.

“ತಾಜಾ ಮೀನು ಅಂತ ಹೇಗೆ ಗೊತ್ತಾಗುತ್ತೆ?”

“ಕಿವಿರು ಕೆಂಪಗಿರಬೇಕು. ಕಣ್ಣು ತಿಳಿಯಾಗಿ, ಉಬ್ಬಿಕೊಂಡಿರಬೇಕು. ಮಂಜು ಕವಿದಂಗಿದ್ರೆ ಹಳೇದು.”

ಅವನು ಕನ್ನಡಕ ತೆಗೆದು ಮುಖ ಮುಂದೆ ಮಾಡಿದ. “ನನ್ನದು ನೋಡಿ ಹೇಳಿ.”

ಕನ್ನಡಕವಿಲ್ಲದ ಆ ಕಣ್ಣುಗಳು ಬೆಳಕಿಗೆ ಸ್ವಲ್ಪ ಕಿರಿದಾಗಿದ್ದವು. ರೆಪ್ಪೆಗೂದಲು ಅವಳದಕ್ಕಿಂತ ಉದ್ದ. ಅವಳು ನೋಡಿದಳು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತೇ ನೋಡಿದಳು.

“ಪರವಾಗಿಲ್ಲ. ಇವತ್ತಿನ ಮಾಲೇ.”

ಕಪ್ಪೆಚಿಪ್ಪು ಸತ್ತಿದೆಯೋ ಬದುಕಿದೆಯೋ ತಿಳಿಯುವುದು ಹೇಗೆಂದು ಕೇಳಿದ ದಿನ ಅವಳು ಬಾಯ್ದೆರೆದ ಒಂದು ಚಿಪ್ಪನ್ನು ಎತ್ತಿ, ಅವನಿಂದ ದೂರದಲ್ಲೇ ಹಿಡಿದು ತಟ್ಟಿದಳು. ಅದು ತಟ್ಟನೆ ಮುಚ್ಚಿಕೊಂಡಿತು. “ತಟ್ಟಿದಾಗ ಮುಚ್ಕೊಂಡ್ರೆ ಬದುಕಿದೆ ಅಂತ.”

“ಥೇಟ್ ನಿಮ್ಮ ಹಾಗೆ. ಸ್ವಲ್ಪ ಮನಸ್ಸು ತಟ್ಟಿದ್ರೆ ಸಾಕು, ಟಪ್ ಅಂತ ಬಾಗಿಲು.”

ಅವಳು ಚಿಪ್ಪನ್ನು ಬುಟ್ಟಿಗೆ ಹಾಕಿ, ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದಳು. ಸಿಡಿಮದ್ದು ಒದ್ದೆಯಾಗಿದ್ದನ್ನು ಅಪ್ಪ ಮೂಲೆಯಿಂದಲೇ ಗಮನಿಸಿದ.

ಏಡಿಗೆ ನೋವಾಗುತ್ತದೆಯೇ ಎಂದು ಅವನು ಕೇಳಿದಾಗ ಮಾತ್ರ ಅವಳು ತಮಾಷೆ ಮಾಡಲಿಲ್ಲ. “ಆಗುತ್ತೆ ಅಂತಲೇ ಅನ್ಸುತ್ತೆ. ಎಷ್ಟು ಅಂತ ಗೊತ್ತಿಲ್ಲ. ಅದಕ್ಕೇ ಮೊದಲು ಐಸಲ್ಲಿ ಮಲಗಿಸ್ತೀನಿ, ಜೀವ ಮಂಕಾಗ್ಲಿ ಅಂತ. ಅಪ್ಪ ನಗ್ತಾನೆ. ನಗ್ಲಿ.”

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ, “ನಿಮ್ಮಪ್ಪನ ಹತ್ರ ಮಾತಾಡ್ಲಾ?” ಎಂದ.

“ಏಡಿ ವಿಷಯಾನಾ?”

“ಅಲ್ಲ.”

ಇಷ್ಟೆಲ್ಲ ಆದರೂ ಅವರು ಒಬ್ಬರ ಕೈಯನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಅವಳ ಕೈ ಬೆಳಗಿಂದ ಸಂಜೆಯವರೆಗೆ ಸಿಗಡಿಯಲ್ಲೇ ಇರುತ್ತಿತ್ತು. ಅವನ ಪೊಟ್ಟಣವನ್ನು ಎರಡು ಕವರು ಹಾಕಿ ಕಟ್ಟೆಯ ಮೇಲಿಟ್ಟು ತಾನು ಹಿಂದೆ ಸರಿಯುತ್ತಿದ್ದಳು. ಅವನು ಬಂದು ಎತ್ತಿಕೊಳ್ಳುತ್ತಿದ್ದ. ಪ್ರೀತಿ ಮಾಡಿದವರಲ್ಲಿ ಇಷ್ಟು ಮರ್ಯಾದೆಯಿಂದ ದೂರ ನಿಂತವರು ಬೇರೆ ಇದ್ದಾರೋ ಇಲ್ಲವೋ.

ಅವನು ಮದುವೆಯ ಮಾತೆತ್ತಿದ ಮೇಲೆ ಅಪ್ಪ ಅವನನ್ನು ಮಧ್ಯಾಹ್ನದ ಊಟಕ್ಕೆ ಕರೆದ. ಅವಳು ಹೊಸ ಪಾತ್ರೆ ತಂದಳು, ಒಲೆ ತಿಕ್ಕಿದಳು, ನೀಲಿ ಹಲಗೆಯ ಮೇಲೇ ಮೀನು ಹೆಚ್ಚಿ ಸಾರು ಮಾಡಿದಳು. ಅಂಗಡಿಯ ಮೇಲಿನ ಆ ಪುಟ್ಟ ಮನೆಯಲ್ಲಿ ಇದ್ದದ್ದು ಅಪ್ಪ, ಮಗಳು ಇಬ್ಬರೇ. ಅವನು ಬಂದು ಕೂತ. ಅಪ್ಪ ಸಾರು ಬಡಿಸುತ್ತಿರುವಾಗ ಅವಳು ನೀರು ತರಲು ಒಳಗೆ ಹೋದಳು.

ವಾಪಸ್ ಬರುವಷ್ಟರಲ್ಲಿ ಅವನ ತುಟಿ ದಪ್ಪಗಾಗಿತ್ತು. ಅವನು ಕುತ್ತಿಗೆ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

“ಅಪ್ಪಾ! ಏನ್ ಹಾಕಿದೆ?”

“ಒಂದೇ ಚಮಚ ಕಣೇ... ಸಿಗಡಿ ಬೇಯಿಸಿದ ನೀರು. ಸ್ವಲ್ಪ ಸ್ವಲ್ಪ ತಿಂದ್ರೆ ಒಗ್ಗುತ್ತೆ ಅಂತ... ಏಡಿ, ಸಿಗಡಿ ಮಾರೋ ಮನೆಗೆ ಅಳಿಯ ಆಗೋನು...”

ಇಂಥ ಹೊತ್ತಿಗೆಂದೇ ಅವನ ಜೇಬಿನಲ್ಲಿ ಯಾವಾಗಲೂ ಪೆನ್ನಿನಂಥ ಒಂದು ಇಂಜೆಕ್ಷನ್ ಇರುತ್ತಿತ್ತು. ಚುಚ್ಚುವುದು ಹೇಗೆಂದು ಅವಳೇ ಕೇಳಿ ಕಲಿತಿದ್ದಳು. ತೊಡೆಗೆ ಚುಚ್ಚಿ ಒತ್ತಿ ಹಿಡಿದಳು. “ಉಸಿರಾಡು, ಕನ್ನಡಕ. ನನ್ನ ನೋಡು. ಉಸಿರಾಡು!” ಎಂದು ಏಕವಚನದಲ್ಲಿ ಗದರುತ್ತಲೇ ಆಂಬುಲೆನ್ಸಿಗೆ ಫೋನು ಮಾಡಿದಳು.

ಅವನು ಬದುಕಿದ. ಆಸ್ಪತ್ರೆಯ ಬಾಗಿಲಲ್ಲಿ ಅವಳಿಗೆ ಅಡ್ಡ ನಿಂತದ್ದು ಅವನ ಅಕ್ಕ, ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವಳು.

“ಅವನು ಇನ್ನು ನಿಮ್ಮ ಅಂಗಡಿ ಕಡೆ ತಲೆ ಹಾಕಿಯೂ ಮಲಗಲ್ಲ. ಅಷ್ಟು ಪ್ರೀತಿ ಇದ್ರೆ ಹೇಳು. ಅಂಗಡಿ ಬಿಡ್ತೀಯೋ, ನನ್ನ ತಮ್ಮನ್ನ ಬಿಡ್ತೀಯೋ?”

“ಎರಡೂ ಬಿಡಲ್ಲ, ಅಕ್ಕ. ತಪ್ಪು ಮಾಡಿದ್ದು ನಮ್ಮಪ್ಪ. ನನ್ನ ಕೆಲಸ ಏನು ತಪ್ಪು ಮಾಡಿದೆ? ನನಗೆ ಕೈ ತೊಳ್ಕೊಳ್ಳೋಕೆ ಬರುತ್ತೆ.”

“ನನ್ನ ಅಕ್ಕ ಅನ್ಬೇಡ.”

“ಅನ್ನೋದೂ ಬಿಡಲ್ಲ.”

ಮನೆಗೆ ಬಂದರೆ ಅಪ್ಪ ಇನ್ನೊಂದು ರಾಗ ತೆಗೆದಿದ್ದ. ಹೆದರಿದ ಮನುಷ್ಯನ ದನಿ ಯಾವಾಗಲೂ ಜೋರು. “ಆ ಹಲಗೆ ಒಲೆಗೆ ಹಾಕು. ಅವನು ಇಲ್ಲಿಗೆ ಬರೋದೂ ಬೇಡ, ನನ್ನ ಕೈಯಿಂದ ಸಾಯೋದೂ ಬೇಡ. ಬೇರೆ ಯಾರನ್ನಾದ್ರೂ ನೋಡೋಣ.”

“ನೀನೇ ಮದುವೆ ಆಗು, ಆ ಬೇರೆ ಯಾರನ್ನಾದ್ರೂ. ಹಲಗೆ ಮುಟ್ಟಿದ್ರೆ ನೋಡು!”

ಪ್ರತಿ ಬೆಳಿಗ್ಗೆ ಅವಳು ಆ ಹಲಗೆಯನ್ನು ಇಳಿಸಿ, ತೊಳೆದು, ಒರೆಸಿ, ಮತ್ತೆ ನೇತುಹಾಕಿದಳು. ಅದರ ಮೇಲೆ ಒಂದು ಮೀನೂ ಬೀಳಲಿಲ್ಲ. ಕನ್ನಡಕದಂಗಡಿಯ ಬಾಗಿಲು ಮುಚ್ಚಿತ್ತು. ಅವನ ಮನೆಗೇ ಹೋಗಿಬಿಡೋಣವೆಂದು ಚಪ್ಪಲಿ ಮೆಟ್ಟಿ, ತನ್ನ ಬಟ್ಟೆಯನ್ನು ಮೂಸಿ ನೋಡಿ, ಹಾಗೇ ಕಳಚಿಟ್ಟಳು. ಜಗತ್ತಿಗೆಲ್ಲ ಎದುರು ನಿಂತವಳಿಗೆ ಈಗ ತನ್ನ ಕೈಗಳದೇ ಭಯ. ಅವನಿಗೂ ಭಯವಾಗಿದ್ದರೆ? ಅವನೇ ಬೇಡವೆಂದರೆ?

ಒಂದು ಬೆಳಿಗ್ಗೆ, ಅಂಗಡಿಯ ಮುಂದೆ ಗಿರಾಕಿಗಳು ಕಿಕ್ಕಿರಿದಿದ್ದ ಹೊತ್ತಿನಲ್ಲಿ, ಜನರ ನಡುವಿನಿಂದ ಪರಿಚಿತ ದನಿ ಬಂತು.

“ಒಂದು ಮೀನು. ನೀಲಿ ಅಂಚಿನ ಹಲಗೆ ಮೇಲೆ.”

ಅವನು ಸ್ವಲ್ಪ ಇಳಿದುಹೋಗಿದ್ದ. ಹಿಂದೆ ಮುಖ ಗಂಟಿಕ್ಕಿಕೊಂಡು ಅಕ್ಕ. ತಮ್ಮನನ್ನು ತಡೆಯಲಾಗದೆ ಕಾವಲಿಗೆ ಬಂದಿದ್ದಳು.

ಅಪ್ಪ ಏಡಿಯ ತೊಟ್ಟಿಯ ಪಕ್ಕದಿಂದ ತಟ್ಟನೆ ಎದ್ದ. “ಯಾಕಪ್ಪಾ ಬಂದೆ? ಸಾಕಾಗಲಿಲ್ವಾ?”

“ಇಲ್ಲ, ಮಾವ.”

ಮಾವ! ಅಷ್ಟು ಜನರ ಮುಂದೆ! ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಕಿವಿ ನಿಮಿರಿಸಿತು.

“ಸಿಗಡಿಗೆ ನನ್ನ ಮೈ ಒಗ್ಗಲ್ಲ, ಮಾವ. ಒಂದು ಚಮಚಕ್ಕೂ ಒಗ್ಗಲ್ಲ, ನೂರು ಚಮಚಕ್ಕೂ ಒಗ್ಗಲ್ಲ. ನಿಮ್ಮ ಬೈಗುಳಕ್ಕೆ ಬೇಕಾದ್ರೆ ಒಗ್ಗಿಕೊಳ್ತೀನಿ. ನಿಮ್ಮ ಮಗಳು ಅಂಗಡಿ ಬಿಡೋದು ಬೇಡ, ನಾನು ಮೀನು ಬಿಡೋದು ಬೇಡ. ನಾನು ಅವಳನ್ನಂತೂ ಬಿಡಲ್ಲ.”

ಅಪ್ಪ ಬಗ್ಗಿ ಸಿಗಡಿಯ ಬುಟ್ಟಿ ಎತ್ತಿದ. ಅಂಗಡಿಯ ಆ ತುದಿಗೆ, ಹಿಂಬಾಗಿಲ ಹತ್ತಿರಕ್ಕೆ ಒಯ್ದು ಇಟ್ಟ. ತಿರುಗಿ ಬಂದು ಏಡಿಯ ತೊಟ್ಟಿಯನ್ನೂ ಎಳೆದುಕೊಂಡು ಹೋದ. “ಇನ್ಮೇಲೆ ಇವೆಲ್ಲ ಈ ಕಡೆ. ಇಲ್ಲಿ ನಾನು ಕೂರ್ತೀನಿ. ಮೀನು ಆ ಕಡೆ, ಅವಳು ನೋಡ್ಕೊಳ್ಳಲಿ,” ಎಂದು ಗೋಡೆಗೆ ಹೇಳಿದ. ಆಮೇಲೆ ದನಿ ತಗ್ಗಿಸಿ, “ಹೊಟ್ಟೇಲಿ ಹಾಕ್ಕೊಳಪ್ಪ,” ಎಂದ.

ಅವಳು ಏಪ್ರನ್ ಬಿಚ್ಚಿ ಎಸೆದು ನಲ್ಲಿ ತಿರುಗಿಸಿದಳು. ಮೊಣಕೈವರೆಗೆ ಸೋಪು ಹಚ್ಚಿ, ಉಗುರು ಸಂದಿಗೆ ಬ್ರಶ್ ಹಾಕಿ, ತೊಳೆದಳು. ಮತ್ತೆ ಹಚ್ಚಿದಳು, ಮತ್ತೆ ತೊಳೆದಳು. ಗಿರಾಕಿಗಳಲ್ಲಿ ಒಬ್ಬರೂ ಬೇಗ ಮಾಡೆನ್ನಲಿಲ್ಲ. ಅವಳು ಮೊದಲ ಸಲ ಕಟ್ಟೆ ಸುತ್ತಿಕೊಂಡು ಈಚೆ ಬಂದು ಅವನ ಮುಂದೆ ನಿಂತಳು.

“ಇವತ್ತು ಪ್ರಶ್ನೆ ಇಲ್ವಾ?”

“ಇದೆ. ಕೈ ಹಿಡ್ಕೊಳ್ಲಾ?”

“ಇಷ್ಟು ತೊಳೆದಿರೋದು ಯಾಕೆ ಅಂದ್ಕೊಂಡೆ?” ಎಂದು ಅವಳೇ ಕೈ ಚಾಚಿದಳು. ಅವಳ ಬೆರಳು ತಣ್ಣಗಿದ್ದವು, ಅವನವು ಬಿಸಿ. ಅವಳ ಕಣ್ಣು ತುಂಬಿ ಬಂತು. ಅದನ್ನು ಒರೆಸಲು ಕೈ ಬಿಡಬೇಕಾಗುತ್ತಿತ್ತು, ಬಿಡಲಿಲ್ಲ.

ಅಕ್ಕ ಅವನ ಭುಜದ ಮೇಲಿಂದ ಇಣುಕಿ ನೋಡಿದಳು.

“ಸೋಪು ಸರಿಯಾಗಿ ಹಾಕಿದ್ದೀಯಾ?”

“ಎರಡು ಸಲ, ಅಕ್ಕ.”

ಅಕ್ಕ ಅವಳನ್ನು ದುರುಗುಟ್ಟಿಕೊಂಡು ನೋಡಿದಳು. ಹಾಗೆ ಕರೆಯಬೇಡ ಎಂದು ಮಾತ್ರ ಈ ಸಲ ಅನ್ನಲಿಲ್ಲ.