ಹನ್ನೊಂದು ಏಟಿನ ಹಾಡು

ಸೋಮವಾರ ಬೆಳಿಗ್ಗೆ ಹತ್ತೂ ಕಾಲಿಗೆ ಠಾಣೆಗೆ ಬಂದ ದೂರು ಒಂದು ಹಾಡಿನ ಮೇಲಿತ್ತು. ದೂರುದಾರ ಪೀಠೋಪಕರಣದ ಅಂಗಡಿಯ ಯಜಮಾನ. ಹೆಂಡತಿಯ ತಂಗಿ ರಾಕ್ ತಂಡ ಕಟ್ಟಿಕೊಂಡು, ಹೆಂಡತಿಯನ್ನು ಹೊಡೆಯುವ ಗಂಡನ ಮೇಲೆ ಹಾಡು ಮಾಡಿ ತನ್ನ ಮಾನ ಹರಾಜು ಹಾಕಿದ್ದಾಳೆ, ಅದನ್ನು ಎಲ್ಲೆಡೆಯಿಂದ ತೆಗೆಸಬೇಕು ಎಂದು ಎರಡು ಪುಟ ಬರೆದು ತಂದಿದ್ದ.

ಇನ್‌ಸ್ಪೆಕ್ಟರಿಗೂ ರಾಕ್ ಸಂಗೀತಕ್ಕೂ ಎಣ್ಣೆ ಸೀಗೇಕಾಯಿ. ಆದರೂ ಕೇಳದೆ ಎಫ್‌ಐಆರ್ ಬರೆಯುವ ಹಾಗಿಲ್ಲವೆಂದು ಫೋನಿನಲ್ಲಿ ಹಾಕಿಸಿದರು. ಗಿಟಾರು ತಗಡು ಎಳೆದಂತೆ ಕಿರುಗುಟ್ಟಿತು. ಅವರು ಮುಖ ಕಿವುಚಿದರು. ಆಮೇಲೆ ಹುಡುಗಿ ಅಬ್ಬರವಿಲ್ಲದೆ ಹಾಡಿದಳು: ಬಾಗಿಲು ಹಾಕಿದ್ದು, ಪಕ್ಕದ ಮನೆಯವರು ಟಿ.ವಿ. ಸದ್ದು ಏರಿಸಿದ್ದು. ನಡುವೆ ಹಾಡು ನಿಂತು ಬರೀ ಡ್ರಮ್ಮಿನ ಹೊಡೆತ, ಒಂದೊಂದೇ. ಕೊನೆಗೆ ಮೌನ. ಇನ್‌ಸ್ಪೆಕ್ಟರ್ ಟೀ ಮರೆತರು. ‘ಭೇಷ್’ ಎಂದು ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡರು.

“ಇದ್ರಲ್ಲಿ ನಿಮ್ಮ ಹೆಸರೆಲ್ಲಿದೆ?”

“ಹೆಸರಿಲ್ಲ. ಆದ್ರೆ ನನ್ನ ಮೇಲೇನೇ. ಅದೂ ಸುಳ್ಳು.”

“ಏನು ಸುಳ್ಳು?”

“ಹನ್ನೊಂದು ಸಲ ಬಾರಿಸ್ತಾರಲ್ಲ, ಅದು. ನಾನು ಹೊಡೆದಿದ್ದು ಏಳೇ.”

ಬರೆಯುತ್ತಿದ್ದ ಪೇದೆಯ ಪೆನ್ನು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಆತ ಬೇಕಾದಷ್ಟು ಕಂಡಿದ್ದ; ಹೆಗಲ ಬೂದಿಯನ್ನು ಅಳೆದು ಕೊಡುವವನನ್ನು ಕಂಡದ್ದು ಇದೇ ಮೊದಲು.

ಆದರೆ ಠಾಣೆಯಲ್ಲಿ ಆಡಿದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಹೆಂಡತಿ ಬಾಯಿ ಬಿಡಬೇಕಿತ್ತು. ಆಸ್ಪತ್ರೆಯ ದಾಖಲೆ ತರಿಸಿದರೆ, ಹದಿನಾಲ್ಕು ತಿಂಗಳ ಹಿಂದೆ ಆಕೆಯ ಬಲ ಮಣಿಕಟ್ಟು ಮುರಿದಿತ್ತು. ಕಾರಣ, ಮೆಟ್ಟಿಲಿನಿಂದ ಬಿದ್ದದ್ದು.

ಮಧ್ಯಾಹ್ನ 12.40ಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಜೊತೆ ತಂಡದ ಅಭ್ಯಾಸದ ಕೋಣೆಗೆ ಹೋದರು. ಮುದ್ರಣಾಲಯದ ಮಹಡಿ, ಗೋಡೆ ತುಂಬ ಮೊಟ್ಟೆಯ ಟ್ರೇಗಳು. ಡ್ರಮ್ಮಿನ ಹಿಂದೆ ಕೂತವಳೇ ಅಂಗಡಿಯವನ ಹೆಂಡತಿ. ತಂಗಿ ಅಕ್ಕನ ಪಕ್ಕಕ್ಕೆ ಬಂದು ನಿಂತಳು.

“ಮೆಟ್ಟಿಲಿಂದ ಬಿದ್ದೆ ಅಂತ ಬರೆಸಿದ್ದೀಯಲ್ಲಮ್ಮ?”

“ಅಮ್ಮ ಹಾಗೇ ಹೇಳು ಅಂದ್ಲು.”

“ಎಷ್ಟು ಏಟು?”

“ನಾನು ಎಣಿಸಿದ್ದು ಏಳು. ಆಮೇಲೆ ಎಚ್ಚರ ಇರ್ಲಿಲ್ಲ.”

ಮಿಕ್ಕ ನಾಲ್ಕನ್ನು ಎಣಿಸಿದವಳು, ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದ ತಂಗಿ. ಮೂಳೆ ಕೂಡಿದ ಮೇಲೆ ಅದೇ ಕೈಗೆ ಆ ನಾಲ್ಕನ್ನೂ ಅವಳೇ ಕಲಿಸಿದ್ದಳು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಂಥ ಚೊಕ್ಕ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ಯಾರಿಂದಲೂ ಪಡೆದಿರಲಿಲ್ಲ. ಈ ಅಕ್ಕತಂಗಿಯರಿಗೆ ಎದ್ದು ಸೆಲ್ಯೂಟ್ ಹೊಡೆಯಬೇಕೆನಿಸಿತು.

“ದೂರು ಕೊಡ್ತೀಯಾ ತಾಯಿ?”

“ಊರಿಗೆಲ್ಲ ಕೊಟ್ಟಾಯ್ತು ಸಾರ್. ನೀವೂ ಬರ್ಕೊಳ್ಳಿ.”

2.30ಕ್ಕೆ ಎಫ್‌ಐಆರ್ ದಾಖಲಾಯಿತು. ನಾಲ್ಕಕ್ಕೆ ಮನೆಯ ಪಂಚನಾಮೆ. ಅಟ್ಟದ ಮೇಲೆ ಹೆಂಡತಿಯ ಹಳೆಯ ಡ್ರಮ್ ಸ್ಟ್ಯಾಂಡಿನ ಕಬ್ಬಿಣದ ಸರಳು ಸಿಕ್ಕಿತು, ನಡುವಿನಲ್ಲಿ ಬಾಗಿತ್ತು. 5.50ಕ್ಕೆ ದೂರುದಾರ ಆರೋಪಿಯಾಗಿ ಬಂಧಿತನಾದ.

ಯಾಕೆ ಹೊಡೆದೆ ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದಳು. ಅವತ್ತು ಮನೆಗೆ ನೆಂಟರು ಬಂದಿದ್ದರಂತೆ. ಊಟವಾದ ಮೇಲೆ ಇವಳು ಮೇಜಿನ ಮೇಲೆ ಎರಡು ಚಮಚದಲ್ಲಿ ತಾಳ ಹಾಕಿದಳಂತೆ.

“ಎಲ್ರೂ ಅವಳನ್ನೇ ನೋಡ್ತಿದ್ರು. ನಾನು ಮಾತಾಡ್ತಾನೇ ಇದ್ದೆ, ಒಬ್ರೂ ಕೇಳ್ಲಿಲ್ಲ.”

ಇನ್‌ಸ್ಪೆಕ್ಟರ್ ಅದನ್ನು ಅವನ ಮಾತಿನಲ್ಲೇ ಕೇಸ್ ಡೈರಿಗೆ ಬರೆಸಿದರು. ಆಮೇಲೆ ಬೆಳಗಿನ ಅರ್ಜಿ ಎಳೆದುಕೊಂಡು, ಹಾಡನ್ನು ತೆಗೆಸಲು ಯಾವುದೇ ಕಾರಣ ಕಂಡುಬಂದಿಲ್ಲ ಎಂದು ಷರಾ ಬರೆದು ಸಹಿ ಹಾಕಿದರು.