ವೈಫೈ ಪೆಟ್ಟಿಗೆಗೊಂದು ಕೌದಿ

"ಕೈ ಬಿಡಬ್ಯಾಡ್ರಿ… ಬಿಟ್ಟ್ರ ನಾ ಸೀದಾ ನಿಮ್ಮ ಚಹಾದ ಪಾತೇಲಿ ಒಳಗ ಬೀಳ್ತೇನಿ."

ಏಣಿಯ ಮೇಲಿಂದ ಬಂದ ಆ ಮಾತಿಗೆ ಸಿದ್ದೇಶ್ವರಿ ತಲೆ ಎತ್ತಲಿಲ್ಲ. ಎರಡೂ ಕೈಯಿಂದ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಡ್ರಿಲ್ ಮಷೀನು ಗುಂಯ್‌ಗುಟ್ಟಿತು. ಗೋಡೆಯ ಕೆಂಪು ಪುಡಿ ಅವಳ ಕೂದಲ ಮೇಲೆ, ರೆಪ್ಪೆಯ ಮೇಲೆ ಉದುರಿತು.

ಅಷ್ಟರಲ್ಲಿ ಚರ್ರನೆ ಸದ್ದು. ಅವನ ಅಂಗಿಯ ತೋಳು ಹಳೇ ಮೊಳೆಗೆ ಸಿಕ್ಕಿ ಹರಿಯಿತು. ನೀಲಿ ಚೌಕಡಿಯ ಒಂದು ಚೂರು ತೇಲುತ್ತಾ ಬಂದು ಅವಳ ಕಾಲ ಬಳಿ ಬಿತ್ತು.

"ಹೋಯ್ತು. ಇರೋದೇ ಎರಡು ಚಲೋ ಅಂಗಿ, ಅದರಾಗ ಒಂದು ನಿಮ್ಮ ಗ್ವಾಡಿಗಿ ಕೊಟ್ಟೆ."

ಅವಳು ಆಗ ಮುಖ ಎತ್ತಿದಳು. ಮೈತುಂಬ ಕೆಂಪು ಪುಡಿ ಮೆತ್ತಿಕೊಂಡ ಹುಡುಗ. ಹಲ್ಲು ಮಾತ್ರ ಬೆಳ್ಳಗೆ. ಎದೆಯೊಳಗೆ ಏನೋ ಕದಲಿದಂತಾಯಿತು… ಏನೆಂದು ಅವಳಿಗೇ ತಿಳಿಯಲಿಲ್ಲ.

ಬೀದರಿನ ಚಿದ್ರಿಯಲ್ಲಿರುವ ಆ ಬೀಜದ ಏಜೆನ್ಸಿಯಲ್ಲಿ ಕಸ ಹೊಡೆದು, ಚಹಾ ಮಾಡಿ ಕೊಡುವುದು ಸಿದ್ದೇಶ್ವರಿಯ ಕೆಲಸ. ದಿನವೂ ಕಮಠಾಣದಿಂದ ಬಸ್ಸಿನಲ್ಲಿ ಬರುತ್ತಾಳೆ. ಏಳನೆಯ ತರಗತಿಗೇ ಶಾಲೆ ಬಿಟ್ಟು ಅಪ್ಪ ಬಕ್ಕಪ್ಪನ ಕುರಿಗಳ ಹಿಂದೆ ಹೋದವಳು. ಕುರಿ ಕಾಯುವವರಿಗೆ ಮಾತು ಕಡಿಮೆ, ಕಣ್ಣು ಜಾಸ್ತಿ. ಆಫೀಸಿನಲ್ಲೂ ಅಷ್ಟೇ. ಯಾರ ಚಹಾಕ್ಕೆ ಸಕ್ಕರೆ ಕಮ್ಮಿ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಏಣಿಯ ಮೇಲಿದ್ದವನು ಗೌರವ. ಔರಾದ ತಾಲೂಕಿನ ಠಾಣಾ ಕುಶನೂರದವನು. ಬೀದರಿನಲ್ಲಿ ಯೂಸುಫ್ ಭಾಯಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ಇಷ್ಟು ದಿನ ಆಫೀಸಿನ ನೆಟ್ಟು ಮುಂದಿನ ಕೋಣೆಯಲ್ಲಿ ಮಾತ್ರ ಸಿಗುತ್ತಿತ್ತು. ಹಿಂದಿನ ಗೋದಾಮಿನಲ್ಲಿ ಚೀಲ ಎಣಿಸಿ, ಅಲ್ಲೇ ಮೊಬೈಲಿನಲ್ಲಿ ಬಿಲ್ ಮಾಡುವಂತಾಗಲಿ ಎಂದು ಮಾಲೀಕ ಶಿವಕಾಂತರು ವೈಫೈ ಪೆಟ್ಟಿಗೆ ಹಾಕಿಸುತ್ತಿದ್ದರು.

ಏಣಿ ಹತ್ತುವ ಮೊದಲು, ಪೆಟ್ಟಿಗೆ ಎಲ್ಲಿ ಕೂಡಿಸಬೇಕು ಎಂಬುದನ್ನು ಗೌರವ ಹುಡುಕಿದ್ದು ಅವಳ ಕೈಯಿಂದಲೇ. ತನ್ನ ಮೊಬೈಲನ್ನು ಅವಳಿಗೆ ಕೊಟ್ಟು ಗೋದಾಮಿನ ತುದಿಗೆ ಕಳಿಸಿದ್ದ.

"ಎಷ್ಟು ಗೆರಿ ಕಾಣ್ತಾವ್ರಿ?"

"ಒಂದ್ರಿ…"

ಅವನು ಪೆಟ್ಟಿಗೆ ಹಿಡಿದು ಜಾಗ ಬದಲಿಸಿದ.

"ಈಗ?"

"ಎರಡು… ಹೋಯ್ತ್ರಿ, ಮತ್ತ ಒಂದೇ."

ಕೊನೆಗೆ ಚಹಾ ಮಾಡುವ ಮೂಲೆಯ ಮೇಲಿನ ಗೋಡೆಯಲ್ಲಿ ಹಿಡಿದಾಗ ಗೆರೆಗಳೆಲ್ಲ ತುಂಬಿಕೊಂಡವು. "ಪೂರಾ ಬಂದಾವ್ರಿ" ಎಂದು ಅವಳು ಕೂಗಿದಳು. ಆ ಆಫೀಸಿನಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಕೂಗಿದ ಮೇಲೆ ತಾನೇ ನಾಚಿದಳು.

ಏಣಿ ಇಳಿದ ಮೇಲೆ ಅವನು ಚಹಾ ಕುಡಿಯುತ್ತಾ ಮೆಲ್ಲಗೆ ಹೇಳಿದ, "ಇದು ಇಲ್ಲಿ ಬರೋಬರಿ ನಡೀತಂದ್ರ, ಸಾಹೇಬರ ಭಾಲ್ಕಿ ಆಫೀಸು, ಔರಾದ ಆಫೀಸು ಎರಡೂ ನನಗೇ ಸಿಗ್ತಾವ. ಆಮ್ಯಾಲ ಔರಾದದಾಗ ನಂದೇ ಒಂದ್ ಸಣ್ಣ ದುಕಾನ. ನಮ್ಮವ್ವನ ಕಣ್ಣಮುಂದ ಇರ್ತೇನಿ." ಗೋದಾಮಿನ ಸೋಯಾ ಚೀಲಗಳ ಕಡೆ ನೋಡಿದ. "ಧೂಳು ಭಾಳ ಅದ ಇಲ್ಲಿ. ಜರಾ ಜೋಪಾನ ಮಾಡ್ರಿ ಇದನ್ನ. ನಿಮ್ಮ ಕೈಯಾಗ ಕೊಟ್ಟು ಹೊಂಟೇನಿ."

ನಿಮ್ಮ ಕೈಯಾಗ…

ಅವಳಿಗೆ ಯಾರೂ ಇಲ್ಲಿಯವರೆಗೆ ಏನನ್ನೂ ಹಾಗೆ ಒಪ್ಪಿಸಿ ಹೋಗಿರಲಿಲ್ಲ.

ಅಂದು ಸಂಜೆ ಅಜ್ಜಿ ಭೀಮಬಾಯಿಯ ಹಳೆ ಬಟ್ಟೆಯ ಗಂಟು ಬಿಚ್ಚಿದಳು. ಅವರ ಮನೆಯಲ್ಲಿ ಟಿವಿಗೊಂದು ಹೊದಿಕೆ, ಮಿಕ್ಸರಿಗೊಂದು ಹೊದಿಕೆ. ಬೆಲೆಯುಳ್ಳದ್ದನ್ನು ಬರಿ ಮೈಯಲ್ಲಿ ಇಡುವ ರೂಢಿಯೇ ಇಲ್ಲ. ಅಜ್ಜಿಯ ಸೀರೆ, ಅಪ್ಪನ ಧೋತ್ರ ಪದರ ಪದರವಾಗಿ ಇಟ್ಟು ಪುಟ್ಟದೊಂದು ಕೌದಿ ಹೊಲಿದಳು. ನಟ್ಟ ನಡುವೆ, ಯಾರಿಗೂ ಕಾಣದಂತೆ ಬಚ್ಚಿಟ್ಟು ತಂದಿದ್ದ ಆ ನೀಲಿ ಚೌಕಡಿ ಚೂರು.

"ಯಾರಿಗಬೇ ಇಷ್ಟು ಸಣ್ಣ ಕೌದಿ? ಬೆಕ್ಕಿನ ಮರಿಗೇನು?" ಅಜ್ಜಿ ಕೇಳಿದಳು.

"ಆಫೀಸಿನ ಪೆಟ್ಟಿಗಿಗಿ, ಆಯಿ."

"ಪೆಟ್ಟಿಗಿಗಿ ಹೊಲಿಯೋರ ಕಣ್ಣು ಹಿಂಗ ಇರಂಗಿಲ್ಲ," ಎಂದು ಅಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಮರುದಿನದಿಂದ ಬೆಳಿಗ್ಗೆ ಕಸ ಹೊಡೆದಾದ ಮೇಲೆ ಸ್ಟೂಲು ಹತ್ತಿ ಪೆಟ್ಟಿಗೆಗೆ ಕೌದಿ ಹೊದಿಸುತ್ತಿದ್ದಳು. ಚಹಾದ ಮೂಲೆಗೆ ಬೇರೆ ಯಾರೂ ಬರುತ್ತಿರಲಿಲ್ಲ.

ಬೇಸಿಗೆ ಏರಿತು. ಬಿತ್ತನೆ ಹತ್ತಿರ ಬಂತು. ತೊಗರಿ, ಸೋಯಾ ಬೀಜಕ್ಕೆ ರೈತರ ಸಾಲು ರಸ್ತೆಯವರೆಗೆ. ಸರಿಯಾಗಿ ಮಧ್ಯಾಹ್ನವಾಯಿತೆಂದರೆ ವೈಫೈ ಸತ್ತು ಹೋಗುತ್ತಿತ್ತು.

"ಮತ್ತ ಬಂದ್!" ಬಿಲ್ ಬರೆಯುವ ರಾಧಿಕಾ ಮೊಬೈಲು ಕುಕ್ಕುತ್ತಿದ್ದಳು. ಶಿವಕಾಂತರು ಯೂಸುಫ್ ಭಾಯಿಗೆ ಫೋನು ಹಚ್ಚುತ್ತಿದ್ದರು. ಗೌರವ ಬರುತ್ತಾನೆ ಎಂದು ಕೇಳಿದ್ದೇ ಸಿದ್ದೇಶ್ವರಿಯ ಎದೆ ಹಾರುತ್ತಿತ್ತು. ಆ ನೀಲಿ ಚೂರನ್ನು ಅವನು ನೋಡಿಬಿಟ್ಟರೆ? ಸರಸರನೆ ಸ್ಟೂಲು ಹತ್ತಿ ಕೌದಿಯನ್ನು ತುದಿಯಿಂದ ಎಳೆದು, ಬುತ್ತಿಯ ಚೀಲದೊಳಗೆ ತುರುಕುತ್ತಿದ್ದಳು.

ಅವನು ಬರುವಷ್ಟರಲ್ಲಿ ವೈಫೈ ನೆಟ್ಟಗೆ ನಡೆಯುತ್ತಿರುತ್ತಿತ್ತು.

"ನಿಮ್ಮ ಮಾರಿ ನೋಡಿದ್ರ ಸಾಕು, ನೆಟ್ಟಗಾಗ್ತದ ಅದು," ರಾಧಿಕಾ ಚುಚ್ಚುತ್ತಿದ್ದಳು. "ದಿನಾ ಬಂದು ಇಲ್ಲೇ ಕೂತುಬಿಡ್ರಿ."

ಅವನು ವೈರು ಬದಲಿಸಿದ. ಕರೆಂಟಿನ ಅಡಾಪ್ಟರು ಬದಲಿಸಿದ. ಲ್ಯಾಪ್‌ಟಾಪು ತೆರೆದು ಪೆಟ್ಟಿಗೆಯನ್ನು ಮೊದಲಿನಿಂದ ಮತ್ತೆ ಜೋಡಿಸಿದ. ಮರುದಿನ ಮತ್ತೆ ಅದೇ ಕಥೆ. ಬರಬರುತ್ತಾ ಅವನ ನಗು ಹೋಯಿತು. ಕಣ್ಣ ಕೆಳಗೆ ಕಪ್ಪು ಬಂತು. ಅವಳು ಎಲ್ಲ ನೋಡಿದಳು. ನೋಡಿ ಒಳಗೊಳಗೇ ಬೆಂದಳು. ಆದರೂ… ಅವನು ಬರುತ್ತಾನಲ್ಲ ಎಂಬ ಒಂದು ಸಣ್ಣ ಸುಖ. ಆ ಸುಖಕ್ಕೆ ಆಮೇಲೆ ಅವಳು ತನ್ನನ್ನು ಎಷ್ಟು ಶಪಿಸಿಕೊಂಡಳೋ.

ಒಂದು ದಿನ ಶಿವಕಾಂತರ ಸಹನೆ ಮುಗಿಯಿತು.

"ಖರಾಬ್ ಮಾಲ್ ಹಾಕೀಯಲ್ಲೋ ನನಗ? ಹಳೇದು ಒರಸಿ ಹೊಸಾದು ಅಂತ ಕೊಟ್ಟೀಯೇನು?"

"ಇಲ್ರಿ ಸಾಹೇಬ್ರ. ಡಬ್ಬಿ ನಿಮ್ಮ ಮುಂದೇ ಒಡದೇನಿ," ಗೌರವ ಅಂದ. "ಯಾರೋ ಇದಕ್ಕ ಕೈ ಹಚ್ತಾರ್ರಿ. ಇಲ್ಲಂದ್ರ ಹಿಂಗ ಆಗಂಗಿಲ್ಲ."

"ಕೈ ಹಚ್ತಾರ? ಸಿದ್ದೇಶ್ವರಿ, ಬಾ ಇಲ್ಲಿ. ದಿನಾ ಅದರ ಕೆಳಗ ನಿಂದರಾಕಿ ನೀ. ಯಾರರ ಮುಟ್ತಾರೇನು?"

ಎಲ್ಲರ ಕಣ್ಣೂ ಅವಳ ಮೇಲೆ. ಗೌರವ ಆಸೆಯಿಂದ ನೋಡಿದ. ಆ ನೋಟದಲ್ಲಿ ಇದ್ದದ್ದು ಒಂದೇ… ನೀವಾದ್ರೂ ಹೇಳ್ರಿ.

ಅವಳು ಪ್ರಾಮಾಣಿಕವಾಗಿಯೇ ಯೋಚಿಸಿದಳು. ವೈರನ್ನಾಗಲಿ ಸ್ವಿಚ್ಚನ್ನಾಗಲಿ ಯಾರೂ ಮುಟ್ಟಿರಲಿಲ್ಲ. ಧೂಳಿಗೆ ಹೊದಿಸುವುದು ಮುಟ್ಟಿದಂತೆ ಎಂದು ಅವಳ ಮನಸ್ಸಿಗೆ ಹೊಳೆಯಲೇ ಇಲ್ಲ.

"ಯಾರೂ ಮುಟ್ಟಂಗಿಲ್ರಿ."

"ಕೇಳಿದಿ? ಈ ಹುಡುಗಿ ಸುಳ್ಳಾಡೂದಿಲ್ಲ," ಶಿವಕಾಂತರು ಎದ್ದು ನಿಂತರು. "ಭಾಲ್ಕಿ, ಔರಾದ ಕೆಲಸ ಬ್ಯಾರೆಯವರಿಗಿ ಕೊಡ್ತೇನಿ. ನೀ ಹೋಗು."

ಗೌರವ ಚೀಲ ಎತ್ತಿಕೊಂಡ. ಚಹಾದ ಮೂಲೆಯ ಮುಂದೆ ಹಾಯುವಾಗ ಒಂದು ಗಳಿಗೆ ನಿಂತ.

"ಯೂಸುಫ್ ಭಾಯಿನೂ ಇನ್ನ ಇಟ್ಕೊಳ್ಳಂಗಿಲ್ರಿ. ನಾಳಿ ಹೈದರಾಬಾದಿಗಿ ಹೊಂಟೇನಿ. ಎಲ್ಲಾರೂ ಬೈದ್ರು, ಸಹಿಸಿದೆ. ನಿಮ್ಮ ಒಂದು ಮಾತು ಮಾತ್ರ…"

ಮುಗಿಸಲಿಲ್ಲ. ಹೋಗಿಬಿಟ್ಟ.

ನಾನು ಏನು ಮಾಡಿದೆ? ಖರೇನೇ ಹೇಳಿದೆನಲ್ಲ… ಅವಳಿಗೆ ತಿಳಿಯಲಿಲ್ಲ. ಆ ರಾತ್ರಿ ತಟ್ಟೆಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಅಳುತ್ತಲೇ ಕೌದಿ ಹೊದಿಸಿದಳು. ಅವನು ಬಿಟ್ಟು ಹೋದದ್ದು ಅದೊಂದೇ ಅಲ್ಲವೇ? ಬಿಸಿಲು ನೆತ್ತಿಗೆ ಬಂದಾಗ ಮನಸ್ಸು ತಡೆಯದೆ ಸ್ಟೂಲು ಹತ್ತಿ ಕೌದಿಯೊಳಗೆ ಕೈ ಹಾಕಿ ಪೆಟ್ಟಿಗೆಯನ್ನು ಸವರಿದಳು.

ಕೈ ಸುಟ್ಟಿತು.

ಜ್ವರ ಬಂದ ಕುರಿಮರಿಯ ಕಿವಿ ಹಿಡಿದಂತೆ. ಚಿಕ್ಕಂದಿನಲ್ಲಿ ಅಂಥ ಮರಿಯೊಂದಕ್ಕೆ ಅವಳು ಪ್ರೀತಿಯಿಂದ ಕಂಬಳಿ ಹೊದಿಸಿ ಕೂತಿದ್ದಳು. ಅಪ್ಪ ಓಡಿ ಬಂದು ಕಿತ್ತೆಸೆದಿದ್ದ. "ಉಸರು ಕಟ್ಟಿ ಸಾಯ್ತದಬೇ ಅದು!"

ಅವಳು ಗಡಬಡಿಸಿ ಕೌದಿ ತೆಗೆದಳು. ಪೆಟ್ಟಿಗೆಯ ದೀಪ ಕೆಂಪಾಗಿತ್ತು. ನೋಡುತ್ತಾ ನಿಂತಳು. ಬಹಳ ಹೊತ್ತಿನ ಮೇಲೆ ದೀಪ ಹಸಿರಾಯಿತು. ಒಳಗಿನಿಂದ ರಾಧಿಕಾಳ ದನಿ ಬಂತು. "ನೆಟ್ ಬಂತ್ರಿ ಸಾಹೇಬ್ರ."

ಅಯ್ಯೋ… ಕೆಡಿಸಿದವಳು ನಾನೇ. ಅವನು ಜೋಪಾನ ಮಾಡು ಎಂದ, ನಾನು ಉಸಿರು ಕಟ್ಟಿಸಿದೆ. ಅವನು ಬರುವಾಗ ಗುರುತೇ ಸಿಗದಂತೆ ಬಚ್ಚಿಟ್ಟೆ. ಮೇಲೆ ಅವನ ವಿರುದ್ಧ ಸಾಕ್ಷಿಯನ್ನೂ ಹೇಳಿದೆ.

ಹೇಳಬೇಕು. ಆದರೆ ಹೇಳಿದರೆ ಕೌದಿ ತೋರಿಸಬೇಕು. ತೋರಿಸಿದರೆ ನಡುವಿನ ನೀಲಿ ಚೂರು ಎಲ್ಲರಿಗೂ ಕಾಣುತ್ತದೆ. ಅವನ ಅಂಗಿ ಆಫೀಸಿನವರೆಲ್ಲ ನೋಡಿದ್ದೇ. ಮಾತು ಕಮಠಾಣ ಮುಟ್ಟುತ್ತದೆ, ಅಪ್ಪನ ಕಿವಿಗೆ ಬೀಳುತ್ತದೆ. ನಾವು ಕುರಿಯವರು, ಗೌರವನ ಮನೆಯವರು ಬುದ್ಧನ ಫೋಟೊಕ್ಕೆ ಕೈ ಮುಗಿಯುವವರು. ಅವರ ಓಣಿಯ ನೀರು ನಮ್ಮವರು ಇವತ್ತಿಗೂ ಕುಡಿಯುವುದಿಲ್ಲ…

ಚೂರು ಬಿಚ್ಚಿ ತೆಗೆದುಬಿಡಲೇ? ಉಗುರಿನಿಂದ ಹೊಲಿಗೆ ಎಳೆದಳು. ಬರಲಿಲ್ಲ. ಅಷ್ಟು ಗಟ್ಟಿಯಾಗಿ ತಾನೇ ಹೊಲಿದಿದ್ದಳು.

ಕೌದಿ ಹಿಡಿದು ನೇರ ಒಳಗೆ ನಡೆದು ಶಿವಕಾಂತರ ಮೇಜಿನ ಮೇಲೆ ಇಟ್ಟಳು.

"ಪೆಟ್ಟಿಗಿ ಕೆಡಿಸಿದಾಕಿ ನಾನ್ರಿ. ಧೂಳು ಕೂಡ್ತದಂತ ದಿನಾ ಇದು ಹೊದಸ್ತಿದ್ದೆ. ಒಳಗ ಕಾದು ಬಂದ್ ಬೀಳ್ತಿತ್ತು. ಅವರು ಬರೂವಾಗ ತಗೀತಿದ್ದೆ. ಅವರದೇನೂ ತಪ್ಪಿಲ್ರಿ."

ರಾಧಿಕಾ ಕೌದಿಯನ್ನು ಎತ್ತಿ ನೋಡಿದಳು. ಬೆರಳು ನಡುವಿನ ಚೂರಿನ ಮೇಲೆ ನಿಂತಿತು. ಸಿದ್ದೇಶ್ವರಿ ಕಣ್ಣು ಮುಚ್ಚಿದಳು. ಈಗ ನಗುತ್ತಾಳೆ…

ರಾಧಿಕಾ ನಗಲಿಲ್ಲ. ಕೌದಿಯನ್ನು ಮಡಚಿ ಮೆಲ್ಲಗೆ ಅವಳ ಕೈಗಿಟ್ಟಳು.

ಶಿವಕಾಂತರು ಗೌರವನಿಗೆ ಫೋನು ಹಚ್ಚಿದರು. ಬಂದ್. ಯೂಸುಫ್ ಭಾಯಿಗೆ ಹಚ್ಚಿದರು. ಭಾಲ್ಕಿ ಆಫೀಸೂ ತನಗೇ ಸಿಗುತ್ತದೆಂದು ಅಲ್ಲಿ ಮೊದಲೇ ಗೋಡೆಗೆ ಪಟ್ಟಿ ಹೊಡೆದು ವೈರು ಎಳೆದಿದ್ದನಂತೆ ಹುಡುಗ. ಅದನ್ನು ಬಿಚ್ಚಲು ಹೋಗಿದ್ದಾನೆ, ಸಂಜೆ ಅಲ್ಲಿಂದಲೇ ಹೈದರಾಬಾದಿನ ರೈಲು.

"ನಿನ್ನ ನೌಕರಿ ಮಾತು ಆಮ್ಯಾಲ ನೋಡ್ತೇನಿ," ಶಿವಕಾಂತರು ಹಣೆ ಉಜ್ಜಿಕೊಂಡರು. "ಮೊದಲ ಅವನಿಗಿ…"

"ಅವಳೇ ಹೋಗಲ್ರಿ," ರಾಧಿಕಾ ನಡುವೆಯೇ ಹೇಳಿದಳು. "ಜಲ್ದಿ ಹೋಗಬೇ. ಯಾಕ ನಿಂತಿ?"

ಕಮಠಾಣ ಬಿಟ್ಟರೆ ಬೀದರು, ಬೀದರು ಬಿಟ್ಟರೆ ಕಮಠಾಣ. ಬೇರೆ ಬಸ್ಸನ್ನು ಅವಳು ಒಬ್ಬಳೇ ಹತ್ತಿದ್ದೇ ಇರಲಿಲ್ಲ. ಕಂಡಕ್ಟರು ಹೆಂಗಸರ ಉಚಿತ ಟಿಕೆಟು ಹರಿದು ಕೊಟ್ಟ. ಅದನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ಭಾಲ್ಕಿ ಬರುವಷ್ಟರಲ್ಲಿ ಅದು ಬೆವರಿಗೆ ಮುದ್ದೆಯಾಗಿತ್ತು. ಹೋಗಿರಬಾರದು… ದೇವರೇ, ಹೋಗಿರಬಾರದು…

ಭಾಲ್ಕಿ ಆಫೀಸಿನ ಬಾಗಿಲು ತೆರೆದೇ ಇತ್ತು. ಒಳಗೆ ಏಣಿ. ಏಣಿಯ ಮೇಲೆ ಬೆನ್ನು ಮಾಡಿ ನಿಂತು ಅವನು ಗೋಡೆಯ ಪಟ್ಟಿ ಬಿಚ್ಚುತ್ತಿದ್ದ. ಹಿಡಿಯುವವರಿಲ್ಲದೆ ಏಣಿ ಅಲುಗುತ್ತಿತ್ತು.

ಅವಳು ಹೋಗಿ ಎರಡೂ ಕೈಯಿಂದ ಏಣಿ ಹಿಡಿದಳು.

ಏಣಿ ನಿಂತಿತು. ಅವನ ಕೈಯೂ ನಿಂತಿತು. ತಿರುಗಿ ಕೆಳಗೆ ನೋಡಿದ.

"ನೀವು?"

"ನಾ ಸುಳ್ಳು ಹೇಳಿದೆನ್ರಿ. ಗೊತ್ತಿಲ್ದ ಹೇಳಿದೆ…" ಅವಳು ಅಳುತ್ತಾ ಎಲ್ಲ ಹೇಳಿದಳು. ಧೂಳು, ಕೌದಿ, ಬುತ್ತಿಯ ಚೀಲ, ಕೆಂಪು ದೀಪ. "ಸಾಹೇಬ್ರಿಗಿ ಹೇಳಿ ಬಂದೇನ್ರಿ. ತಪ್ಪು ನಂದು. ನೀವು ಹೋಗಬ್ಯಾಡ್ರಿ."

ಅವನು ಇಳಿದು ಬಂದ. ಮುಖ ಬಿಗಿದಿತ್ತು.

"ಬರೀ ಧೂಳಿಗೇನ್ರಿ? ಅದಕ್ಕ ಬಚ್ಚಿಡೂದ್ಯಾಕ? ಒಂದು ದಿನ ಅದರ ಮ್ಯಾಲೇ ಬಿಟ್ಟಿದ್ರ, ನನಗ ತಿಳೀತಿತ್ತಲ್ಲ. ನಮ್ಮವ್ವ ನಿನ್ನಿಯಿಂದ ಉಂಡಿಲ್ಲ, ಗೊತ್ತೇನು ನಿಮಗ?"

ಅವಳು ಕೌದಿಯನ್ನು ಚಾಚಿದಳು.

ಅವನು ಬಿಡಿಸಿ ನೋಡಿದ. ನೋಡುತ್ತಲೇ ನಿಂತ. ತಾನು ತೊಟ್ಟಿದ್ದ ಅದೇ ನೀಲಿ ಚೌಕಡಿ ಅಂಗಿಯ ತೋಳಿನ ತೇಪೆಯನ್ನು ಮುಟ್ಟಿಕೊಂಡ. ಚೂರನ್ನು ಮುಟ್ಟಿದ. ಬಿಗಿದಿದ್ದ ಮುಖ ಮೆಲ್ಲಮೆಲ್ಲಗೆ ಸಡಿಲವಾಯಿತು.

"ಇದಕ್ಕೇನು… ಬಚ್ಚಿಟ್ಟಿದ್ದು?"

"ಹೂಂನ್ರಿ."

ಹೊರಗೆ ಬಸ್ಸೊಂದು ಹಾರ್ನು ಹೊಡೆದು ಹೋಯಿತು. ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು. ಅವನು ಬಿಚ್ಚಿದ್ದ ತಿರುಪುಗಳನ್ನು ಕಿಸೆಯಿಂದ ತೆಗೆದು, ಮತ್ತೆ ಏಣಿಗೆ ಕಾಲಿಟ್ಟ.

"ನಿಮ್ಮಪ್ಪ ಒಪ್ಪಂಗಿಲ್ರಿ," ಮೇಲಿಂದ ಮೆಲ್ಲಗೆ ಹೇಳಿದ.

"ಒಪ್ಪಂಗಿಲ್ಲ," ಅವಳು ಕೆಳಗಿನಿಂದ ಹೇಳಿದಳು. "ಅಷ್ಟು ಜಲ್ದಿ ಒಪ್ಪಂಗಿಲ್ಲ."

"ಕೈ ಬಿಡ್ತಿರೇನು?"

"ಇಲ್ರಿ."

ತಿರುಪು ಗೋಡೆಯೊಳಗೆ ಇಳಿಯುವ ಸದ್ದು.

"ಈ ಕೌದಿ ಭಾಳ ಸಣ್ಣದಾಯ್ತ್ರಿ," ಅವನು ಮೇಲಿಂದ ಅಂದ. "ಇಬ್ಬರಿಗಾಗುವಷ್ಟು ಒಂದು ಹೊಲೀತಿರೇನು?"

ಅವಳು ಏಣಿಗೆ ಹಣೆ ಆನಿಸಿದಳು. ಕಣ್ಣೀರಿನ ನಡುವೆ ನಗು ಬಂತು.

"ನಮ್ಮಾಯಿ ಸೀರಿ ಅವ. ನಿಮ್ಮವ್ವಂದು ಒಂದು ಹಳೇ ಸೀರಿ ಕೇಳಿ ತರ್ರಿ… ಎರಡೂ ಮನಿ ಅರಿವಿ ಕೂಡಿದ್ರೇ ಕೌದಿ ಗಟ್ಟಿ ಬರ್ತದ."