ರಬ್ಬರ್ ತೋಳಿಗೂ ಒಂದು ಮಾತು

"ರಬ್ಬರ್ ತೋಳಿಗೆ ಏನಂತ ಹೇಳ್ಬೇಕು ಮೇಡಂ? 'ತಾಯಿ, ಸೂಜಿ ಚುಚ್ತೀನಿ, ಬೇಜಾರಾಗ್ಬೇಡ' ಅಂತಾನಾ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಪರೀಕ್ಷಕಿಯಾದ ನಾನು ನಗಲಿಲ್ಲ.

ಟ್ರೈನರ್ ಪರೀಕ್ಷೆಗೆ ಬಂದಿದ್ದ ಆ ನರ್ಸ್‌ನ ಸೂಜಿ, ಅಭ್ಯಾಸದ ತೋಳಿನಲ್ಲಿ ಒಂದೇ ಸಲಕ್ಕೆ ರಕ್ತನಾಳ ಹಿಡಿದಿತ್ತು. ಅಷ್ಟು ಹಗುರವಾದ ಕೈಯನ್ನು ದೇಶದ ಮೂವತ್ತೊಂದು ತರಬೇತಿ ಕೇಂದ್ರಗಳಲ್ಲಿ ನಾನು ಕಂಡಿರಲಿಲ್ಲ. ಆದರೆ ಪರೀಕ್ಷೆಯ ಪಟ್ಟಿಯ ಮೊದಲ ಸಾಲೇ ಅದು: ಏನು ಮಾಡಲಿದ್ದೇನೆಂದು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆಯಬೇಕು. ಅವನು ಪಡೆದಿರಲಿಲ್ಲ. ಫೇಲ್ ಎಂದು ಬರೆದೆ.

"ನಮ್ಮ ಬೆಸ್ಟ್ ನರ್ಸ್ ಕಣಮ್ಮ ಅವನು," ಎಂದರು ನಿರ್ದೇಶಕರು. "ಅವನು ಟ್ರೈನರ್ ಆಗ್ದಿದ್ರೆ ಎಂಟು ಸೆಂಟರ್‌ಗೆ ಕಲಿಸೋರೇ ಇರಲ್ಲ."

"ಅವರು ಬಿಟ್ಟಿದ್ದನ್ನ ಎಂಟು ಸೆಂಟರಿನವರೂ ಬಿಡ್ತಾರೆ ಸರ್."

ಹೋಟೆಲಿನಲ್ಲಿ ಕಾಫಿ ತಣ್ಣಗಿದೆ ಎನ್ನಲೂ ಹೆದರುವವಳು ನಾನು. ಈ ಮಾತು ಎಲ್ಲಿಂದ ಬಂತೋ!

ಮರುಪರೀಕ್ಷೆಗೆ ಆರು ವಾರವಿತ್ತು. ಅಲ್ಲಿಯವರೆಗೆ ಅವನನ್ನು ನನ್ನ ಕಚೇರಿಗೇ ಹಾಕಿದರು. ಅಭ್ಯಾಸದ ಬೊಂಬೆಗಳನ್ನು ಪ್ಯಾಕ್ ಮಾಡಿ ಕೇಂದ್ರಗಳಿಗೆ ಕಳಿಸುವ ಕೆಲಸ. ಮೊದಲ ವಾರವೆಲ್ಲ ಮುಖ ಊದಿಸಿಕೊಂಡಿದ್ದ. ಎರಡನೇ ವಾರ, ನಾನು ಪೆಟ್ಟಿಗೆಗಳನ್ನು ಮೂರು ಸಲ ಎಣಿಸಿದ್ದನ್ನು ನೋಡಿ, ನಾಲ್ಕನೇ ಸಲ ತಾನೇ ಎಣಿಸಿದ.

"ಸರಿಯಾಗಿದೆ. ಈಗಲಾದ್ರೂ ಉಸಿರು ಬಿಡಿ."

"ಥ್ಯಾಂಕ್ಸ್ ಬ್ರದರ್," ಎಂದೆ. ಆಸ್ಪತ್ರೆಯಲ್ಲಿ ಗಂಡು ನರ್ಸ್‌ಗಳನ್ನು ಎಲ್ಲರೂ ಕರೆಯುವುದೇ ಹಾಗೆ.

ಟೇಪು ಎಳೆಯುತ್ತಿದ್ದ ಕೈ ನಿಂತಿತು. "ಊರೆಲ್ಲ ಅನ್ನಲಿ. ನೀವೊಬ್ರು ಅನ್ಬೇಡಿ."

ಕತ್ತೆತ್ತಿದೆ. ಅವನು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು. ಆಮೇಲೆ ನಾನು ಅವನನ್ನು ಏನೆಂದೂ ಕರೆಯಲಿಲ್ಲ. ಕರೆಯದೆಯೇ ಅವನು ಬರುತ್ತಿದ್ದ.

ಮರುಪರೀಕ್ಷೆಯ ದಿನ ಅದೇ ಕೋಣೆ, ಅದೇ ರಬ್ಬರ್ ತೋಳು; ಮೇಜಿನಾಚೆ ಅವನು, ನನ್ನ ಪಕ್ಕದಲ್ಲಿ ನಿರ್ದೇಶಕರು. ಪರೀಕ್ಷಕರು ಮೊದಲು ಸಹಿ ಹಾಕಬೇಕಾದ ಸಾಲೊಂದಿದೆ: ಅಭ್ಯರ್ಥಿಯೊಂದಿಗೆ ನನಗೆ ಯಾವ ವೈಯಕ್ತಿಕ ಸಂಬಂಧವೂ ಇಲ್ಲ. ಕಳೆದ ಸಲ ಓದದೆಯೇ ಸಹಿ ಹಾಕಿದ್ದೆ. ಈ ಸಲ ಪೆನ್ನು ಕೆಳಗಿಟ್ಟೆ.

"ಬೇರೆಯವರನ್ನ ಕರೆಸಿ ಸರ್. ನಾನು ಸಹಿ ಹಾಕಲ್ಲ."

"ಯಾಕಮ್ಮ, ಇಬ್ರೂ ಜಗಳ ಆಡಿದ್ರಾ?"

"ಇಲ್ಲ ಸರ್. ಇವರು ಫೇಲಾದ್ರೆ ನಂಗೆ ಸಂಕಟ ಆಗುತ್ತೆ. ಅಷ್ಟು ಇಷ್ಟ."

ನಿರ್ದೇಶಕರು ಕನ್ನಡಕ ತೆಗೆದರು. "ಮೇಲಿನವರ ಕಿವಿಗೆ ಬಿದ್ರೆ ನಿನ್ನ ಕೆಲಸಕ್ಕೇ ಸಂಚಕಾರ. ಸುಮ್ನೆ ಒಂದು ಸಹಿ ಗೀಚಮ್ಮ, ಯಾರು ನೋಡ್ತಾರೆ?"

"ನಾನು ನೋಡ್ತೀನಿ ಸರ್. ಕೆಲಸ ಹೋದ್ರೆ ಹೋಗ್ಲಿ. ಸುಳ್ಳಿಗೆ ಸಹಿ ಹಾಕಲ್ಲ."

ಗೊಣಗುತ್ತಾ ಅವರು ಇನ್ನೊಬ್ಬ ಪರೀಕ್ಷಕರನ್ನು ಕರೆತರಲು ಹೋದರು. ನಾನು ಸಹಿಯಿಲ್ಲದ ಹಾಳೆಯನ್ನು ಪಕ್ಕಕ್ಕೆ ಸರಿಸಿದೆ.

ಅವನು ಮೇಜನ್ನು ಬಳಸಿ ಬಂದು ಎದುರಿಗೆ ನಿಂತ.

"ನಾನೀಗ ನಿಮ್ಮ ಕೈ ಹಿಡೀಬೇಕು ಅಂತಿದೀನಿ," ಎಂದ ಮೆಲ್ಲಗೆ. "ನೋವಾಗಲ್ಲ. ಬೇಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಹೇಳ್ಬಹುದು. ಒಪ್ಪಿಗೆ ಇದೆಯಾ?"

ಒಂದು ಮಾತನ್ನೂ ಬಿಟ್ಟಿರಲಿಲ್ಲ.

"ಇದೆ," ಎಂದು ಕೈ ಚಾಚಿದೆ.

"ಇವತ್ತೂ ಫೇಲಾದ್ರೆ?"

"ಫೇಲಾದ್ರೆ ಫೇಲೇ. ಮತ್ತೆ ಪರೀಕ್ಷೆಗೆ ಬನ್ನಿ. ಈ ಕೈ ಎಲ್ಲೂ ಹೋಗಲ್ಲ."

ಬಾಗಿಲು ತೆರೆದ ಸದ್ದಾಯಿತು. ನಿರ್ದೇಶಕರೂ ಹೊಸ ಪರೀಕ್ಷಕರೂ ಒಳಗೆ ಬಂದರು. ನಾನು ಕೈ ಹಿಂದೆಗೆಯಲಿಲ್ಲ.